371ಜೆ ಇದ್ದರೆ ಸ್ವಾಯತ್ತತೆ ಸಿಕ್ಕಂತೆಯೇ?

ಪ್ರಶ್ನೆ: ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಸಿಕ್ಕಿದೆ. ಲಡಾಖ್‌ನವರು ಅದೇ ಸಂವಿಧಾನದ ಆರನೇ ಅನುಸೂಚಿ ಕೇಳುತ್ತಿದ್ದಾರೆ. ಎರಡೂ ಸ್ವಾಯತ್ತತೆಯೇ ತಾನೆ?

ಅಲ್ಲ. 371ಜೆ ಬಂದದ್ದು ಸಂವಿಧಾನದ 98ನೇ ತಿದ್ದುಪಡಿಯಿಂದ. ಸರ್ಕಾರಿ ನೌಕರಿ ಮತ್ತು ಕಾಲೇಜು ಸೀಟುಗಳಲ್ಲಿ ಸ್ಥಳೀಯರಿಗೆ ಮೀಸಲಾತಿ, ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅದಕ್ಕೊಂದಿಷ್ಟು ಅನುದಾನ, ಇಷ್ಟೇ ಅದರ ಹೂರಣ. ಇದು ಸಣ್ಣದೇನಲ್ಲ. ಆದರೆ ಮಂಡಳಿ ರಸ್ತೆ ಮಾಡಿಸಬಹುದು, ಶಾಲೆಗೆ ಕೋಣೆ ಕಟ್ಟಿಸಬಹುದೇ ಹೊರತು ಕಾನೂನು ಮಾಡಲಾರದು, ಒಂದು ರೂಪಾಯಿ ತೆರಿಗೆ ಹಾಕಲಾರದು. ಬೀದರ್‌ನ ಜಮೀನಿಗೂ ಮಂಡ್ಯದ ಜಮೀನಿಗೂ ಕಾನೂನು ಬರೆಯುವುದು ಅದೇ ವಿಧಾನಸೌಧ.

ಆರನೇ ಅನುಸೂಚಿಯ ಲೆಕ್ಕವೇ ಬೇರೆ. ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂ ರಾಜ್ಯಗಳ ಬುಡಕಟ್ಟು ಪ್ರದೇಶಗಳಿಗೆ ಅನ್ವಯವಾಗುವ ಈ ವ್ಯವಸ್ಥೆಯಲ್ಲಿ ಈಗ 10 ಸ್ವಾಯತ್ತ ಮಂಡಳಿಗಳಿವೆ. ಸಾಮಾನ್ಯವಾಗಿ ಒಂದು ಮಂಡಳಿಗೆ ಗರಿಷ್ಠ 30 ಸದಸ್ಯರು. ಅವರಲ್ಲಿ 4 ಜನರವರೆಗೆ ರಾಜ್ಯಪಾಲರು ನೇಮಿಸುತ್ತಾರೆ, ಉಳಿದವರನ್ನು ಜನ ಆರಿಸುತ್ತಾರೆ. ಅಸ್ಸಾಂನ ಬೋಡೊಲ್ಯಾಂಡ್ ಮಂಡಳಿಗೆ ಮಾತ್ರ 46.

ಜಮೀನು ಹಂಚಿಕೆ, ಮೀಸಲು ಅರಣ್ಯ ಬಿಟ್ಟು ಉಳಿದ ಕಾಡು, ಕುಮರಿ ಬೇಸಾಯ (ಕಾಡು ಕಡಿದು ಸುಟ್ಟು, ಜಾಗ ಬದಲಿಸುತ್ತಾ ಮಾಡುವ ಕೃಷಿ), ಆಸ್ತಿಯ ಉತ್ತರಾಧಿಕಾರ, ಮದುವೆ, ವಿಚ್ಛೇದನ ಇವುಗಳ ಬಗ್ಗೆ ಈ ಮಂಡಳಿಗಳೇ ಕಾನೂನು ಮಾಡಬಹುದು. ಮೇಘಾಲಯದ ಖಾಸಿ ಸಮುದಾಯದಲ್ಲಿ ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ, ಪೂರ್ವಿಕರ ಮನೆ ಕಿರಿಯ ಮಗಳಿಗೆ ಹೋಗುತ್ತದೆ. ಇಂಥ ಪದ್ಧತಿಯನ್ನು ಎಲ್ಲೋ ದೂರದ ಸದನವೊಂದು ಬಹುಮತದಿಂದ ತಿದ್ದಿಬಿಡಬಾರದು ಎಂಬುದೇ ಈ ಅಧಿಕಾರದ ಹಿಂದಿನ ಕಾಳಜಿ. ಬುಡಕಟ್ಟಿನವರ ನಡುವಿನ ವ್ಯಾಜ್ಯಕ್ಕೆ ಗ್ರಾಮ ನ್ಯಾಯಾಲಯಗಳನ್ನು ಸ್ಥಾಪಿಸಬಹುದು. ಭೂಕಂದಾಯ, ವೃತ್ತಿ ತೆರಿಗೆ, ಸಂತೆಗೆ ಬರುವ ಸರಕಿನ ಮೇಲಿನ ಸುಂಕವನ್ನೂ ವಸೂಲಿ ಮಾಡಬಹುದು.

ಕಾಗದದ ಮೇಲೆ ಸೊಗಸಾಗಿದೆ. ಎಡವಟ್ಟಾಗುವುದು ಮುಖ್ಯವಾಗಿ ದುಡ್ಡಿನಲ್ಲಿ. ಗುಡ್ಡಗಾಡಿನಲ್ಲಿ ಇಂಥ ತೆರಿಗೆಗಳಿಂದ ಹುಟ್ಟುವ ಹಣ ಅಷ್ಟಕ್ಕಷ್ಟೇ. ಗಣಿಯಿಂದ ಬರಬಹುದಲ್ಲ ಎಂದರೆ, ಗಣಿ ಪರವಾನಗಿ ಕೊಡುವುದು ರಾಜ್ಯ ಸರ್ಕಾರ. ಗಣಿಯವರು ಸರ್ಕಾರಕ್ಕೆ ಕಟ್ಟುವ ರಾಜಧನದಲ್ಲಿ (ರಾಯಲ್ಟಿ) ಮಂಡಳಿಗೆ ಎಷ್ಟು ಪಾಲು ಎಂಬುದು ಇಬ್ಬರ ಒಪ್ಪಂದದ ಮಾತು. ಜಗಳ ಬಂದರೆ ರಾಜ್ಯಪಾಲರು ಹೇಳಿದ್ದೇ ಅಂತಿಮ. ಹಾಗಾಗಿ ಸಂಬಳಕ್ಕೂ ರಾಜ್ಯದ ಅನುದಾನ ಕಾಯುವ ಸ್ಥಿತಿ. ಮಂಡಳಿ ಮಾಡಿದ ಕಾನೂನು ಜಾರಿಯಾಗಬೇಕಾದರೂ ರಾಜ್ಯಪಾಲರ ಅಂಕಿತ ಬೇಕು, ಮಂಡಳಿಯನ್ನು ವಿಸರ್ಜಿಸುವ ದಾರಿಯೂ ಅವರ ಕೈಯಲ್ಲೇ ಇದೆ.

ಇನ್ನೊಂದು ಕೊರತೆ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಸಂವಿಧಾನದ ಪಂಚಾಯತ್ ಭಾಗ ಈ ಪ್ರದೇಶಗಳಿಗೆ ಅನ್ವಯವಾಗುವುದಿಲ್ಲ. ಅದರ ಜೊತೆಗೇ ಬರುವ ಮಹಿಳಾ ಮೀಸಲಾತಿಯೂ ಇಲ್ಲ. ದೆಹಲಿಯಿಂದ ಅಧಿಕಾರ ಜಿಲ್ಲೆಗೆ ಇಳಿದರೂ ಹಳ್ಳಿಯ ಹೆಣ್ಣುಮಕ್ಕಳ ತನಕ ಇಳಿಯಬೇಕೆಂಬ ಖಾತರಿ ಇಲ್ಲ.

ಇನ್ನು ಲಡಾಖ್. ಲೇಹ್‌ನಲ್ಲಿ 1995ರಿಂದ, ಕಾರ್ಗಿಲ್‌ನಲ್ಲಿ 2003ರಿಂದ ಗುಡ್ಡಗಾಡು ಅಭಿವೃದ್ಧಿ ಮಂಡಳಿಗಳಿವೆ. ಅವು ಸಾಮಾನ್ಯ ಕಾಯ್ದೆಯಿಂದ ಹುಟ್ಟಿದವು, ಉತ್ತರಾಧಿಕಾರ ಅಥವಾ ಜಮೀನಿನ ಬಗ್ಗೆ ಕಾನೂನು ಮಾಡುವ ಅಧಿಕಾರ ಅವಕ್ಕಿಲ್ಲ. 2019ರಲ್ಲಿ ಕೇಂದ್ರಾಡಳಿತ ಪ್ರದೇಶವಾದ ಮೇಲೆ ವಿಧಾನಸಭೆಯೂ ಇಲ್ಲ. ಬೇಡಿಕೆ ಬಲವಾದದ್ದು ಅದಕ್ಕೇ. ಆರನೇ ಅನುಸೂಚಿಗೆ ಸೇರಿಸಬೇಕಾದರೆ 244ನೇ ವಿಧಿಯಲ್ಲಿರುವ ನಾಲ್ಕು ರಾಜ್ಯಗಳ ಪಟ್ಟಿಯನ್ನೇ ತಿದ್ದಬೇಕು. ತ್ರಿಪುರಾಕ್ಕಾಗಿ 1984ರಲ್ಲಿ 49ನೇ ತಿದ್ದುಪಡಿ ಮಾಡಿದ್ದು ಹೀಗೆಯೇ. ಅದಕ್ಕೆ ವಿಶೇಷ ಬಹುಮತ ಬೇಕು, ಅಂದರೆ ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಜನ ಮತ್ತು ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಬೇಕು. ಆದರೆ ಒಳಗೆ ಸೇರಿದ ಮೇಲೆ ಅನುಸೂಚಿಯಲ್ಲಿನ ಅಧಿಕಾರಗಳನ್ನು ಹಿಗ್ಗಿಸಲು ಇಲ್ಲವೇ ಕುಗ್ಗಿಸಲು ಸಂಸತ್ತಿಗೆ ಸಾಮಾನ್ಯ ಬಹುಮತವೇ ಸಾಕು, ಅನುಸೂಚಿಯ 21ನೇ ಪ್ಯಾರಾ ಹಾಗೆಂದೇ ಹೇಳುತ್ತದೆ.