ಇನ್ಶಾ: ಕಾಗದದ ಒಕ್ಕಣೆಗೆ ಇದ್ದ ಹೆಸರು

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ‘ಇನ್ಶಾ’ ಅಂದ ಕೂಡಲೇ ನಮಗೆ ‘ಇನ್ಶಾ ಅಲ್ಲಾ’ ನೆನಪಾಗುತ್ತದೆ. ಆದರೆ ಎರಡಕ್ಕೂ ಸಂಬಂಧ ಇಲ್ಲ. ‘ಇನ್ಶಾ ಅಲ್ಲಾ’ದಲ್ಲಿ ‘ಇನ್’ ಬೇರೆ, ‘ಶಾ’ ಬೇರೆ. ಒಟ್ಟು ಅರ್ಥ ‘ದೇವರು ಬಯಸಿದರೆ’. ನಾನು ಇಲ್ಲಿ ಹೇಳುತ್ತಿರುವ ಇನ್ಶಾ ಒಂದೇ ಪದ. ಅರಬ್ಬಿಯಲ್ಲಿ ಅದರ ಬೇರಿಗೆ ಹುಟ್ಟುವುದು, ಬೆಳೆಯುವುದು ಎಂಬ ಅರ್ಥ ಇದೆ. ಹಾಗಾಗಿ ಇನ್ಶಾ ಅಂದರೆ ಹುಟ್ಟಿಸುವುದು, ಕಟ್ಟುವುದು. ಪಾರಸಿ ನಡೆಯುತ್ತಿದ್ದ ದರ್ಬಾರುಗಳಲ್ಲಿ ಅದು ಕಾಗದ ಬರೆಯುವ ವಿದ್ಯೆಯ ಹೆಸರಾಯಿತು. ಆ ವಿದ್ಯೆ ಬಲ್ಲವನೇ ಮುನ್ಶಿ. ಎರಡೂ ಒಂದೇ ಬೇರಿನ ಪದಗಳು.

ನಮ್ಮ ಕಡೆ ಮುನ್ಶಿ ಅಂದರೆ ಭಾಷೆ ಕಲಿಸುವ ಮೇಷ್ಟ್ರು ಎಂಬ ಅರ್ಥವೇ ಜಾಸ್ತಿ ಉಳಿದಿದೆ. ಕಂಪನಿಯ ಅಧಿಕಾರಿಗಳಿಗೆ ಪಾಠ ಹೇಳುತ್ತಿದ್ದವರು ಮುನ್ಶಿಗಳೇ ಅಲ್ವಾ, ಅಲ್ಲಿಂದ ಬಂದದ್ದು. ಮೂಲದ ಕೆಲಸಕ್ಕೆ ಕನ್ನಡದ ಆಸ್ಥಾನಗಳಲ್ಲಿ ಬೇರೆ ಜನ ಇದ್ದರು, ರಾಯಸದವರು. ಇನ್ಶಾಕ್ಕೆ ಕನ್ನಡದಲ್ಲಿ ಹತ್ತಿರದ ಪದ ಕೇಳಿದರೆ ನಾನು ‘ಒಕ್ಕಣೆ’ ಅನ್ನುತ್ತೇನೆ.

ಒಕ್ಕಣೆಯನ್ನು ಒಂದು ವಿದ್ಯೆ ಅನ್ನಬಹುದೇ? ಹಳೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಕಾಗದ ಸಿಕ್ಕರೆ ತೆಗೆದು ನೋಡಿ. ಅಪ್ಪನಿಗೆ ಬರೆಯುವಾಗ ‘ತೀರ್ಥರೂಪು ತಂದೆಯವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು’. ಮಗನಿಗಾದರೆ ‘ಚಿರಂಜೀವಿ’. ಆಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’. ವಿಷಯ ಶುರುವಾಗುವುದು ಅದಾದ ಮೇಲೆ. ಯಾರು ಯಾರಿಗೆ ಬರೆದದ್ದು, ಯಾರು ದೊಡ್ಡವರು, ಎಷ್ಟು ಸಲಿಗೆ ಇದೆ, ಎಲ್ಲ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಇನ್ಶಾದಲ್ಲಿ ಈ ಬಿರುದಿನ ಸಾಲಿಗೆ ‘ಅಲ್ಕಾಬ್’ ಅನ್ನುತ್ತಾರೆ. ದರ್ಬಾರಿನಲ್ಲಿ ಇದು ಬರೀ ಮರ್ಯಾದೆಯ ಮಾತಲ್ಲ. ಪಕ್ಕದ ದೇಶದ ಅರಸನಿಗೆ ಒಂದು ಬಿರುದು ಕಡಿಮೆ ಬರೆದರೆ ಅವಮಾನ, ಒಂದು ಜಾಸ್ತಿ ಬರೆದರೆ ತಾನು ಕೆಳಗಿನವನೆಂದು ಒಪ್ಪಿಕೊಂಡ ಹಾಗೆ. ಕಾಗದದ ಹೆಸರೂ ಬರೆದವರ ಮೇಲೆ ಬದಲಾಗುತ್ತಿತ್ತು. ಬಾದಶಹ ಬರೆಸಿದ್ದು ಫರ್ಮಾನು, ನಮ್ಮ ಅರಸರು ಕಳಿಸುತ್ತಿದ್ದ ನಿರೂಪದ ಹಾಗೆ. ಮೊಗಲರಲ್ಲಿ ರಾಜಕುಮಾರನದು ನಿಶಾನು. ಕೆಳಗಿನವರು ಮೇಲಿನವರಿಗೆ ಬರೆದದ್ದು ಅರ್ಜ್‌ದಾಶ್ತ್. ನಾವು ಇವತ್ತೂ ತಾಲ್ಲೂಕು ಕಚೇರಿಯಲ್ಲಿ ಕೊಡುವ ‘ಅರ್ಜಿ’ ಆ ಕುಟುಂಬದ್ದೇ. ‘ಪರವಾನಗಿ’, ‘ದಫ್ತರ’, ಅಷ್ಟೇ ಯಾಕೆ, ‘ಕಾಗದ’ ಅನ್ನುವ ಪದವೂ ಪಾರಸಿ ಕಡೆಯದು.

ಈ ವಿದ್ಯೆಯ ದೊಡ್ಡ ಹೆಸರೊಂದು ನಮ್ಮ ಬೀದರಿನಲ್ಲೇ ಇದೆ. ಮಹಮೂದ್ ಗಾವಾನ್ ಕಟ್ಟಿಸಿದ ಮದರಸಾ ನೋಡಲು ಎಷ್ಟೋ ಜನ ಹೋಗುತ್ತಾರೆ. ಅವನು ಒಕ್ಕಣೆಯ ಮೇಲೆ ‘ಮನಾಜಿರುಲ್ ಇನ್ಶಾ’ ಎಂಬ ಪಾಠದ ಪುಸ್ತಕ ಬರೆದವನು, ಅವನ ಕಾಗದಗಳು ‘ರಿಯಾಜುಲ್ ಇನ್ಶಾ’ದಲ್ಲಿ ಸೇರಿವೆ ಎಂಬುದು ಅಲ್ಲಿಗೆ ಹೋದವರಿಗೆ ಗೊತ್ತಾಗುವುದೇ ಇಲ್ಲ. ಬಹಮನಿ ರಾಜ್ಯದ ಪ್ರಧಾನಿಯಾಗಿದ್ದ ಆ ಮನುಷ್ಯ ಸತ್ತದ್ದೂ ಒಂದು ಕಾಗದದಿಂದಲೇ. 1481ರಲ್ಲಿ ಅವನ ವೈರಿಗಳು ಖಾಲಿ ಕಾಗದದ ಮೇಲೆ ಅವನ ಮೊಹರು ಒತ್ತಿಸಿಕೊಂಡರು. ಅದರ ಮೇಲೆ, ಅವನೇ ಒಡಿಶಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆದ ಹಾಗೆ ಬರೆದು ಸುಲ್ತಾನನ ಕೈಗಿಟ್ಟರು. ಮೊಹರು ನನ್ನದು, ಕಾಗದ ನನ್ನದಲ್ಲ ಎಂದು ಗಾವಾನ್ ಹೇಳಿದ. ಸುಲ್ತಾನ ಕೇಳಲಿಲ್ಲ, ತಲೆ ತೆಗೆಸಿದ.

ನನಗೆ ಇನ್ಶಾ ಪೂರ್ತಿ ಅರ್ಥವಾದದ್ದು ಮಾತ್ರ ಅಬುಲ್ ಫಜಲನಿಂದ. ನಾವೆಲ್ಲ ಶಾಲೆಯಲ್ಲಿ ಒಂದು ಅಂಕದ ಉತ್ತರಕ್ಕಾಗಿ ಅವನ ಹೆಸರು ಕಲಿತವರು: ‘ಅಕ್ಬರ್‌ನಾಮಾ ಬರೆದವರು ಯಾರು?’ ಅವನು ಹುಟ್ಟಿದ್ದು 1551ರಲ್ಲಿ, ಆಗ್ರಾದಲ್ಲಿ. ಅಪ್ಪ ಶೇಖ್ ಮುಬಾರಕ್ ವಿದ್ವಾಂಸ, ಅಣ್ಣ ಫೈಜಿ ಕವಿ. ಇಪ್ಪತ್ಮೂರು ವರ್ಷದ ಹುಡುಗನಾಗಿದ್ದಾಗಲೇ ಅಕ್ಬರನ ದರ್ಬಾರಿಗೆ ಬಂದ. ಬಾದಶಹನ ಮುಖ್ಯ ಕಾಗದಗಳ ಒಕ್ಕಣೆ ಬರಬರುತ್ತಾ ಇವನ ಕೈಗೇ ಬಂತು. ತೂರಾನಿನ, ಅಂದರೆ ಮಧ್ಯ ಏಷ್ಯಾದ ಅರಸ ಅಬ್ದುಲ್ಲಾ ಖಾನ್ ಉಜ್ಬೆಕ್, ‘ಅಕ್ಬರನ ಬಾಣಕ್ಕಿಂತ ಅಬುಲ್ ಫಜಲನ ಲೇಖನಿಗೇ ನನಗೆ ಹೆದರಿಕೆ’ ಅಂದಿದ್ದನಂತೆ.

ಯಾಕೆ ಹೆದರಿಕೆ ಅನ್ನುವುದಕ್ಕೆ ಆ ಅಬ್ದುಲ್ಲಾ ಖಾನನಿಗೆ ಹೋದ ಉತ್ತರವನ್ನೇ ನೋಡಿ. ಅಕ್ಬರ್ ಧರ್ಮ ಬಿಟ್ಟಿದ್ದಾನೆ ಎಂಬ ಸುದ್ದಿ ಆಗ ಎಲ್ಲ ಕಡೆ ಹಬ್ಬಿತ್ತು. ಖಾನ್ ಅದನ್ನು ಕೆದಕಿದ್ದ. 1586ರಲ್ಲಿ ಆಗ್ರಹಪೂರ್ವಕವಾಗಿ ಇಲ್ಲ ಎಂದು ಬರೆದಿದ್ದರೆ ಸಮಜಾಯಿಷಿ ಕೊಟ್ಟ ಹಾಗೆ, ಸಿಟ್ಟಾಗಿ ಬರೆದಿದ್ದರೆ ಜಗಳ. ಉತ್ತರದಲ್ಲಿ ಒಂದು ಅರಬ್ಬಿ ಪದ್ಯ ಬಂತು. ಅದರ ಸಾರ ಇಷ್ಟು: ದೇವರಿಗೆ ಮಗನಿದ್ದಾನೆ ಅಂದರು, ಪ್ರವಾದಿಯನ್ನು ಮಾಟಗಾರ ಅಂದರು, ದೇವರೂ ಪ್ರವಾದಿಯೂ ಜನರ ಬಾಯಿಂದ ತಪ್ಪಿಸಿಕೊಳ್ಳಲಿಲ್ಲ, ಇನ್ನು ನಾನು ಹೇಗೆ ತಪ್ಪಿಸಿಕೊಳ್ಳಲಿ? ಇದಕ್ಕೆ ಮರುಮಾತು ಎಲ್ಲಿಂದ ಹುಡುಕುವುದು! ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ.

ಇನ್ನೊಂದು ಕಾಗದ 1582ರದ್ದು, ಫರಂಗಿಗಳ ದೊರೆಗೆ, ಅಂದರೆ ಸ್ಪೇನಿನ ಫಿಲಿಪ್‌ಗೆ ಬರೆದದ್ದು. ಜನ ಅಪ್ಪ, ನೆಂಟರು, ಗುರುಗಳು ಹೇಳಿದ್ದನ್ನೇ ವಿಚಾರ ಮಾಡದೆ ಹಿಡಿದುಕೊಳ್ಳುತ್ತಾರೆ, ಆದ್ದರಿಂದ ಎಲ್ಲ ಧರ್ಮದ ಪಂಡಿತರ ಜೊತೆ ಮಾತಾಡುತ್ತೇನೆ ಎಂದು ಅದರಲ್ಲಿ ಅಕ್ಬರ್ ಹೇಳುತ್ತಾನೆ. ಕ್ರೈಸ್ತರ ಧರ್ಮಗ್ರಂಥಗಳನ್ನು ಅರಬ್ಬಿಗೋ ಪಾರಸಿಗೋ ಮಾಡಿಸಿ ಕಳಿಸಿ ಎಂದು ಕೇಳುತ್ತಾನೆ. ಈ ಕಾಗದ ಒಯ್ಯಬೇಕಿದ್ದ ದೂತರು ಸಮುದ್ರ ದಾಟಲೇ ಇಲ್ಲ, ಪ್ರಯಾಣ ಗೋವಾಕ್ಕೇ ಮುಗಿಯಿತು. ಕಾಗದ ಮಾತ್ರ ಉಳಿಯಿತು. ಬೀರಬಲ್ ಸತ್ತಾಗ ಅಕ್ಬರ್ ತನ್ನ ದಂಡನಾಯಕ ಅಬ್ದುರ್ ರಹೀಂ ಖಾನ್-ಎ-ಖಾನಾನನಿಗೆ ಬರೆಸಿದ ದುಃಖದ ಕಾಗದವೂ ಅಬುಲ್ ಫಜಲನ ಕಾಗದಗಳ ಸಂಗ್ರಹದಲ್ಲಿದೆ. ಬೀರಬಲ್ ಅಂದರೆ ನಗುವ ಕಥೆಗಳಷ್ಟೇ ಗೊತ್ತಿರುವ ನಮಗೆ ಅದನ್ನು ಓದಿದರೆ ಮನಸ್ಸು ಭಾರವಾಗುತ್ತದೆ.

ಅಬುಲ್ ಫಜಲ್ ಇತಿಹಾಸಕಾರನಾದದ್ದು ಇದೇ ದಫ್ತರಿನ ಬಾಗಿಲಿಂದ. ದರ್ಬಾರಿನಲ್ಲಿ ದಿನದ ಸಂಗತಿ ಬರೆಯಲು ಹದಿನಾಲ್ಕು ಬರಹಗಾರರಿದ್ದರು ಎಂದು ಅವನೇ ತಿಳಿಸುತ್ತಾನೆ. ದಿನಕ್ಕೆ ಇಬ್ಬರ ಪಾಳಿ. ಬಾದಶಹನ ಅಪ್ಪಣೆ ಏನು, ಏನು ಉಂಡ, ಯಾವಾಗ ಮಲಗಿದ, ಎಲ್ಲ ದಾಖಲೆ. ಆ ಕಡತಗಳು, ಫರ್ಮಾನುಗಳು ಅವನ ಕೈಗೆ ಸಿಗುತ್ತಿದ್ದವು. ಅದಕ್ಕೂ ಹಿಂದಿನ ಕಾಲಕ್ಕೆ ಹಿರಿಯರ ನೆನಪೇ ಗತಿ. ಅದಕ್ಕಾಗಿ ಅಕ್ಬರ್ ವಯಸ್ಸಾದವರಿಗೆಲ್ಲ ನೆನಪಿರುವುದನ್ನು ಬರೆದುಕೊಡಿ ಅಂದ. ಅವನ ಅತ್ತೆ ಗುಲ್ಬದನ್ ಬೇಗಂ ಬರೆದರು, ಹುಮಾಯೂನನಿಗೆ ನೀರು ಕೊಡುತ್ತಿದ್ದ ಜೌಹರನೂ ಬರೆದ. ರಾಜನ ಸೋದರತ್ತೆ ಮತ್ತು ನೀರಿನವನು, ಇಬ್ಬರ ನೆನಪೂ ಒಂದೇ ಮೇಜಿಗೆ ಬಂದದ್ದು ನನಗೆ ತುಂಬಾ ಇಷ್ಟದ ಸಂಗತಿ. ಅಬುಲ್ ಫಜಲ್ ತನ್ನ ಬರಹವನ್ನು ಐದು ಸಲ ತಿದ್ದಿದ.

ಅಕ್ಬರ್‌ನಾಮಾದಲ್ಲಿ ಹೊಗಳಿಕೆ ಅತಿಯಾಯಿತು ಎಂಬ ಮಾತು ನಿಜ. ಅಲ್ಲಿ ಅಕ್ಬರ್ ತಪ್ಪು ಮಾಡುವುದೇ ಇಲ್ಲ. ವಾಕ್ಯಗಳು ಉದ್ದ, ಬಿರುದಿನ ಮೇಲೆ ಬಿರುದು. ಇನ್ಶಾ ಏನೆಂದು ತಿಳಿದ ಮೇಲೆ ಅದು ಯಾಕೆ ಹಾಗಿದೆ ಎಂದು ಅರ್ಥವಾಗುತ್ತದೆ: ಮುನ್ಶಿಯ ಕೈ ಅದು, ಅಲ್ಕಾಬ್ ಇಲ್ಲದೆ ಅರಸನ ಹೆಸರು ಬರೆದು ಅಭ್ಯಾಸವೇ ಇಲ್ಲ. ಅದೇ ಪುಸ್ತಕದ ಮೂರನೆಯ ಭಾಗ ಐನ್-ಇ-ಅಕ್ಬರಿಗೆ ಬಂದರೆ ಬೇರೆ ಗಾಳಿ. ಅಲ್ಲಿ ಖಿಚಡಿಯ ಅಳತೆ ಇದೆ: ಅಕ್ಕಿ, ಬೇಳೆ, ತುಪ್ಪ ತಲಾ 5 ಸೇರು. ಅಕ್ಕಿಯಷ್ಟೇ ತುಪ್ಪ! ಸಂಬಳ, ಧಾನ್ಯದ ಬೆಲೆ, ಆನೆಯ ಮೇವು, ಕಂದಾಯ, ಎಲ್ಲ ಇದೆ. ಯಾರಾದರೂ ಕೇಳಿದರೆ ನಾನು ಐನ್‌ನಿಂದಲೇ ಶುರುಮಾಡಿ ಅನ್ನುತ್ತೇನೆ.

1599ರಲ್ಲಿ ಅವನನ್ನು ದಖ್ಖನಿಗೆ ಕಳಿಸಿದರು. ಲೇಖನಿ ಹಿಡಿದವನು ದಂಡಿನ ಜೊತೆ ಡೇರೆಯಲ್ಲಿ ಇರಬೇಕಾಯಿತು. 1602ರಲ್ಲಿ, ತನ್ನ ಮಗ ಸಲೀಂ ತಿರುಗಿಬಿದ್ದಾಗ, ಅಕ್ಬರ್ ಅಬುಲ್ ಫಜಲನನ್ನು ವಾಪಸ್ ಕರೆಸಿದ. ಗ್ವಾಲಿಯರ್ ಹತ್ತಿರದ ದಾರಿಯಲ್ಲಿ ಓರ್ಛಾದ ವೀರಸಿಂಗ್ ಬುಂದೇಲ ಅಡ್ಡಗಟ್ಟಿ ಕೊಂದ. ಮಾಡಿಸಿದವನು ಸಲೀಂ. ಅದನ್ನು ಅವನು ತನ್ನ ಆತ್ಮಕಥೆಯಲ್ಲಿ ತಾನೇ ಬರೆದಿದ್ದಾನೆ. ಅಬುಲ್ ಫಜಲನ ತಲೆಯನ್ನು ಅಲಹಾಬಾದಿಗೆ, ಸಲೀಮನ ಹತ್ತಿರ ಕಳಿಸಿದರು. ದೇಹ ಅಂತ್ರಿ ಎಂಬ ಊರಿನಲ್ಲಿ ಮಣ್ಣಾಯಿತು.

ಅವನ ಕಾಗದಗಳನ್ನು ಹುಡುಕಿ ಒಟ್ಟುಮಾಡಿದವನು ಸೋದರಿಯ ಮಗ ಅಬ್ದುಸ್ ಸಮದ್. ಮೂರು ದಫ್ತರಗಳಾಗಿ, ಅಂದರೆ ಸಂಪುಟಗಳಾಗಿ, ಜೋಡಿಸಿದ. ಮೊದಲನೆಯದರಲ್ಲಿ ಅಕ್ಬರನ ಹೆಸರಿನಲ್ಲಿ ಬರೆದವು, ಎರಡನೆಯದರಲ್ಲಿ ಅಕ್ಬರನಿಗೂ ಅಮೀರರಿಗೂ ತಾನೇ ಬರೆದವು, ಮೂರನೆಯದರಲ್ಲಿ ಮುನ್ನುಡಿ ಮತ್ತು ಬಿಡಿ ಬರಹ. ಕೆಲಸ ಮುಗಿದದ್ದು 1606ರ ಸುಮಾರಿಗೆ. ಆಗ ಸಿಂಹಾಸನದ ಮೇಲೆ ಇದ್ದವನು ಅದೇ ಸಲೀಂ, ಜಹಾಂಗೀರ್ ಎಂಬ ಹೆಸರಿನಲ್ಲಿ. ಮುಂದೆ ತಲೆಮಾರುಗಳ ಕಾಲ, ಮುನ್ಶಿಯಾಗಬೇಕೆಂದು ಪಾರಸಿ ಕಲಿತ ಹುಡುಗರು ಈ ಮೂರು ದಫ್ತರಗಳನ್ನು ಮುಂದಿಟ್ಟುಕೊಂಡೇ ಒಕ್ಕಣೆ ತಿದ್ದಿದರು. ಹತ್ತೊಂಬತ್ತನೇ ಶತಮಾನದಲ್ಲಿ ಲಖನೌದ ನವಲ್ ಕಿಶೋರ್ ಮುದ್ರಣಾಲಯ ಅದನ್ನು ಅಚ್ಚು ಹಾಕಿತು.