ಸೂಪರ್ ಅಬ್ಸಾರ್ಬೆಂಟ್ ಫೈಬರ್: ಪುಡಿ ಇರೋವಾಗ ಎಳೆ ಯಾಕೆ ಬೇಕು?

ಡೈಪರ್ ಒಳಗಿನ ನೀರು ಹೀರೋ ಪುಡಿ ಎಲ್ರಿಗೂ ಗೊತ್ತು. ಅದೇ ಜಾತಿಯ ಪಾಲಿಮರನ್ನ ಎಳೆಯಾಗಿ ತೆಗೆದ್ರೆ ಸೂಪರ್ ಅಬ್ಸಾರ್ಬೆಂಟ್ ಫೈಬರ್. ನಾನ್‌ವೋವನ್ (ನೇಯದೆ ಎಳೆಗಳನ್ನ ಬಂಧಿಸಿ ಮಾಡೋ ಬಟ್ಟೆ) ಲೈನಿಗೆ ಬರೋ ಹೊಸಬರು ಕೇಳೋದು ಒಂದೇ, ಪುಡಿ ಅಗ್ಗಕ್ಕೆ ಸಿಗೋವಾಗ ಇದ್ಯಾಕೆ ಸಾರ್ ಅಂತ. ಪುಡಿ ಜಾರತ್ತೆ, ಉದುರತ್ತೆ, ಒಂದು ಮೂಲೇಲಿ ಗುಡ್ಡೆ ಬೀಳತ್ತೆ. ಎಳೆ ಬೇರೆ ಎಳೆಗಳ ಜೊತೆ ಹೆಣೆದುಕೊಂಡು ಇಟ್ಟಲ್ಲೇ ಇರತ್ತೆ, ತೆಳ್ಳಗಿರೋದ್ರಿಂದ ಕೆಲವೇ ಸೆಕೆಂಡಲ್ಲಿ ಉಬ್ಬತ್ತೆ.

ತಯಾರಿಕೇನೇ ನಿಜವಾದ ಸವಾಲು. ಪಾಲಿಮರ್ ಸರಪಳಿಗಳ ಮಧ್ಯೆ ಕ್ರಾಸ್‌ಲಿಂಕ್, ಅಂದ್ರೆ ಅಡ್ಡಕೊಂಡಿ, ಇಲ್ದಿದ್ರೆ ಎಳೆ ನೀರಲ್ಲಿ ಕರಗೇ ಹೋಗತ್ತೆ, ಮೊದಲೇ ಕ್ರಾಸ್‌ಲಿಂಕ್ ಮಾಡಿಬಿಟ್ರೆ ಅದು ಕರಗೋದೂ ಇಲ್ಲ, ಬಿಸಿಗೆ ಹರಿಯೋದೂ ಇಲ್ಲ, ಅಂದ್ಮೇಲೆ ನೂಲೋದು ಹೇಗೆ? ಹಾಗಾಗಿ ಅಕ್ರಿಲಿಕ್ ಆಸಿಡ್, ಮಿಥೈಲ್ ಅಕ್ರಿಲೇಟ್, ಜೊತೆಗೆ ಹೈಡ್ರಾಕ್ಸಿಲ್ ಗುಂಪಿರೋ ಇನ್ನೊಂದು ಮಾನೋಮರ್ (ಪಾಲಿಮರ್ ಕಟ್ಟೋ ಸಣ್ಣ ಅಣು) ಸ್ವಲ್ಪವೇ ಸೇರಿಸಿ ಪಾಲಿಮರ್ ಮಾಡ್ತಾರೆ, ಕಾಸ್ಟಿಕ್ ಸೋಡಾ ಹಾಕಿ ಆಸಿಡ್ಡನ್ನ ಅರೆಬರೆ ನ್ಯೂಟ್ರಲೈಸ್ ಮಾಡ್ತಾರೆ, ಆ ಗಟ್ಟಿ ದ್ರಾವಣವನ್ನ ಸ್ಪಿನರೆಟ್‌ನ ಸಣ್ಣ ತೂತುಗಳಿಂದ ಬಿಸಿಗಾಳಿಗೆ ಬಿಟ್ಟು ನೀರು ಹಾರಿಸ್ತಾರೆ. ಎಳೆ ಆದ್ಮೇಲೇ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖ, ಆಗ ಹೈಡ್ರಾಕ್ಸಿಲ್ಲು ಆಸಿಡ್ಡು ಸೇರಿ ಎಸ್ಟರ್ ಕೊಂಡಿ ಬೀಳತ್ತೆ. ಈ ಕ್ರಮ ನನಗೆ ಇವತ್ತಿಗೂ ತುಂಬಾ ಇಷ್ಟ. ಇನ್ನೊಂದು ದಾರೀನೂ ಇದೆ, ಮಾಮೂಲಿ ಅಕ್ರಿಲಿಕ್ ಎಳೆಯ ಹೊರಪದರವನ್ನಷ್ಟೇ ಕ್ಷಾರದಲ್ಲಿ ಹೈಡ್ರೊಲೈಸ್ ಮಾಡಿ ನೀರು ಹೀರೋ ಹಾಗೆ ಬದಲಿಸೋದು, ಆಗ ಒಳಗಿನ ತಿರುಳು ಬಲ ಉಳಿಸ್ಕೊಳ್ಳತ್ತೆ.

ಖರೀದಿ ಮಾಡೋರು ಎಡವೋದು ಡೇಟಾ ಶೀಟಲ್ಲಿ. "ತೂಕದ ನೂರು ಪಟ್ಟಿಗೂ ಹೆಚ್ಚು" ಅಂತ ಬರೆದಿರ್ತಾರೆ, ಅದು ಡಿಮಿನರಲೈಸ್ಡ್, ಅಂದ್ರೆ ಲವಣ ತೆಗೆದ ನೀರಿನ ಲೆಕ್ಕ. ಎಳೆಯೊಳಗಿನ ಸೋಡಿಯಂ ಅಯಾನುಗಳಿಂದ ಬರೋ ಆಸ್ಮಾಟಿಕ್ ಒತ್ತಡವೇ ನೀರನ್ನ ಎಳ್ಕೊಳ್ಳೋದು, ಹೊರಗಿನ ನೀರಲ್ಲೂ ಉಪ್ಪಿದ್ರೆ ಆ ಸೆಳೆತ ಕುಗ್ಗತ್ತೆ, 0.9% ಉಪ್ಪುನೀರಲ್ಲೇ ಸಾಮರ್ಥ್ಯ ಅರ್ಧಕ್ಕಿಂತ ಕೆಳಗೆ. ಸಮುದ್ರದ ನೀರಲ್ಲಿ ಇನ್ನೂ ಕಷ್ಟ, ಅಲ್ಲಿರೋ ಕ್ಯಾಲ್ಸಿಯಂ ಮೆಗ್ನೀಸಿಯಂ ಸರಪಳಿಗಳನ್ನ ಮತ್ತಷ್ಟು ಬಿಗಿದುಬಿಡತ್ತೆ. ಆಪ್ಟಿಕಲ್ ಫೈಬರ್ ಕೇಬಲ್ಲಲ್ಲಿ ಈ ಎಳೆಯ ದಾರ ಇಡೋದು, ಹೊರಕವಚ ಸೀಳಿ ನೀರು ನುಗ್ಗಿದ್ರೆ ಅಲ್ಲೇ ಉಬ್ಬಿ ಮುಂದೆ ಹರಿಯದ ಹಾಗೆ ತಡೀಲಿ ಅಂತ. ಕೇಬಲ್ ಹೋಗೋದು ಕಡಲೊಳಗೆ ಅಂದ್ರೆ ಶುದ್ಧ ನೀರಿನ ನಂಬರ್ ಇಟ್ಕೊಂಡು ಏನು ಮಾಡ್ತೀರಿ? ಗಾಯದ ಡ್ರೆಸಿಂಗ್ ಆದ್ರೆ ಉಪ್ಪುನೀರಲ್ಲಿ ಟೆಸ್ಟ್ ಮಾಡಿಸಿ, ಮೇಲೆ ಭಾರ ಇಟ್ಟೂ ಅಳೀರಿ, ಅದರ ಮೇಲೆ ಬ್ಯಾಂಡೇಜ್ ಬಿಗೀತಾರೆ ತಾನೇ.

ಲೈನಲ್ಲಿ ಕೆಲಸ ಮಾಡೋರಿಗೆ ಇನ್ನೊಂದು ಮಾತು, ನೀರಿನ ಜೆಟ್ಟಲ್ಲಿ ಬಂಧಿಸೋ ಸ್ಪನ್‌ಲೇಸ್ ಇದಕ್ಕೆ ಆಗಲ್ಲ, ಸೂಜಿ ಚುಚ್ಚಿ ಎಳೆ ಹೆಣೆಯೋ ಸೂಜಿ ಪಂಚಿಂಗು ಇಲ್ಲಾ ಶಾಖದಿಂದ ಅಂಟಿಸೋ ಥರ್ಮಲ್ ಬಾಂಡಿಂಗೇ ಗತಿ, ಶೆಡ್ಡಿನ ಗಾಳೀಲಿ ತೇವಾಂಶ ಏರಿದ್ರೆ ಎಳೆ ಅಂಟಂಟಾಗಿ, ಎಳೆ ಬಾಚೋ ಕಾರ್ಡಿಂಗ್ ರೋಲರಿಗೆ ಸುತ್ಕೊಳ್ಳತ್ತೆ, ಬೇಲ್ (ಎಳೆಯ ಮೂಟೆ) ಬಿಚ್ಚೋ ಮುಂಚೆ ತೇವಾಂಶ ತೋರಿಸೋ ಹೈಗ್ರೋಮೀಟರ್ ನೋಡ್ಕೊಳ್ಳಿ.