ಕಾಡುಹರಳಿನ ಎಣ್ಣೆ ಹಿಂಡಿಸಿ ಕೊಟ್ಟರೆ ವಾಯುಪಡೆ ತಗೊಳ್ಳುತ್ತಾ?

ಪ್ರಶ್ನೆ: ನಮ್ಮ ಬೇಲಿ ತುಂಬ ಕಾಡುಹರಳು (ಜಟ್ರೋಫಾ) ಇದೆ. ಅದರ ಎಣ್ಣೆಯಲ್ಲಿ ಮಿಲಿಟರಿ ವಿಮಾನ ಹಾರಿಸಿದ್ದಾರಂತೆ. ಗಾಣದಲ್ಲಿ ಹಿಂಡಿಸಿ ಕಳಿಸಬಹುದಾ? (ಬದಿಯಡ್ಕದ ಓದುಗರೊಬ್ಬರು)

ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ಬಿಟ್ಟಿದ್ದೇನೆ. ವಿಮಾನ ಹಾರಿದ್ದು ನಿಜ. 2018ರ ಡಿಸೆಂಬರ್ 17ರಂದು ಚಂಡೀಗಢದಿಂದ ವಾಯುಪಡೆಯ ಎಎನ್-32 ಸಾಗಣೆ ವಿಮಾನ ಹಾರಿತು. ಬೀಜ ಛತ್ತೀಸ್‌ಗಢದ್ದು. ಆದರೆ ಟ್ಯಾಂಕಿಗೆ ಹೋದದ್ದು ಎಣ್ಣೆ ಅಲ್ಲ ಮಾರಾಯ್ರೇ!

ಡಿಸೆಂಬರ್ ತಿಂಗಳ ಬೆಳಿಗ್ಗೆ ನಿಮ್ಮ ತೆಂಗಿನೆಣ್ಣೆ ಬಾಟಲಿ ನೋಡಿ. ಬೆಣ್ಣೆಯ ಹಾಗೆ ಕೂತಿರುತ್ತದೆ, ಬಿಸಿಲಿಗಿಟ್ಟು ಕಾಯಬೇಕು. 24 ಡಿಗ್ರಿ ಆಸುಪಾಸಿಗೇ ಅದರ ಕಥೆ ಹೀಗೆ. ಜೆಟ್ ಇಂಧನ ಮೈನಸ್ 47 ಡಿಗ್ರಿಯವರೆಗೂ ಹೆಪ್ಪುಗಟ್ಟಬಾರದು. ಕಾಡುಹರಳಿನ ಎಣ್ಣೆ ತೆಂಗಿನೆಣ್ಣೆಗಿಂತ ಜಾಸ್ತಿ ಚಳಿ ತಡೆಯುತ್ತದೆ, ಒಪ್ಪಿದೆ, ಆದರೆ ಅಷ್ಟೆಲ್ಲ ತಡೆಯುವುದಿಲ್ಲ. ಮೇಲೆ ಹೋದ ಮೇಲೆ ಪೈಪಿನಲ್ಲಿ ಗಟ್ಟಿಯಾದರೆ ಬಿಸಿಲಿಗೆ ಎಲ್ಲಿಡುತ್ತೀರಿ?

ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯವರು ಆ ಎಣ್ಣೆಗೆ ಬಿಸಿ, ಒತ್ತಡ, ಹೈಡ್ರೋಜನ್ ಕೊಟ್ಟು ಅದರಲ್ಲಿರುವ ಆಮ್ಲಜನಕವನ್ನು ಕಿತ್ತು ಹಾಕುತ್ತಾರೆ, ಇಂಗಾಲದ ಉದ್ದುದ್ದ ಸರಪಳಿಗಳನ್ನು ತುಂಡರಿಸಿ ಕವಲೊಡೆಸುತ್ತಾರೆ. ಕೊನೆಗೆ ಸಿಗುವುದು ಸೀಮೆಎಣ್ಣೆಯ ಜಾತಿಯದ್ದು. ಬೇಲಿಯ ಗಿಡದ ಗುರುತೇ ಅದರಲ್ಲಿ ಉಳಿದಿರುವುದಿಲ್ಲ.

ಅದನ್ನೂ ಪೂರ್ತಿ ತುಂಬಲಿಲ್ಲ. ಸೇರಿಸಿದ್ದು ನೂರಕ್ಕೆ 10 ಪಾಲು, ಉಳಿದದ್ದು ಮಾಮೂಲಿ ಇಂಧನ. ಪೆಟ್ರೋಲಿಯಂ ಇಂಧನದಲ್ಲಿರುವ ಆರೊಮ್ಯಾಟಿಕ್ ಅಂಶ (ಉಂಗುರದಂತಿರುವ ಇಂಗಾಲದ ಅಣುಗಳು) ರಬ್ಬರ್ ಸೀಲನ್ನು ಉಬ್ಬಿಸಿ ಬಿಗಿಯಾಗಿಡುತ್ತದೆ. ಈ ಜೈವಿಕ ಇಂಧನದಲ್ಲಿ ಅದು ಇಲ್ಲದಂತೆಯೇ. ತೋಟದ ಪಂಪಿನ ವಾಷರ್ ಒಣಗಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ವಾ, ಅದೇ ಭಯ. ಅದಕ್ಕೇ ಅಂತಾರಾಷ್ಟ್ರೀಯ ನಿಯಮದಲ್ಲೂ ಈ ಬಗೆಯದ್ದಕ್ಕೆ 50 ಪಾಲಿನ ಮಿತಿ ಇದೆ. 2020ರ ಜನವರಿ 31ರಂದು ಎರಡೂ ಎಂಜಿನ್‌ಗೆ ಈ ಮಿಶ್ರಣ ಹಾಕಿ ಲೇಹ್‌ನಿಂದ ಹಾರಿಸಿದರು. ಹತ್ತು ಸಾವಿರ ಅಡಿ ದಾಟಿದ ಜಾಗ, ಜನವರಿಯ ಚಳಿ. ಪರೀಕ್ಷೆ ಅಂದರೆ ಅದು.

ತೆಂಗಿನೆಣ್ಣೆಯಿಂದ ಆಗುವುದೇ ಇಲ್ವಾ ಅಂತ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. 2008ರಲ್ಲಿ ವರ್ಜಿನ್ ಅಟ್ಲಾಂಟಿಕ್‌ನವರು ಲಂಡನ್ನಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹಾರಿಸಿದ ಜಂಬೋ ಜೆಟ್ಟಿನ ನಾಲ್ಕರಲ್ಲಿ ಒಂದು ಎಂಜಿನ್‌ಗೆ, ತೆಂಗಿನೆಣ್ಣೆ ಮತ್ತು ಬಬಾಸು (ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರ) ಎಣ್ಣೆಯಿಂದ ಮಾಡಿದ ಇಂಧನ 20 ಪಾಲು ಸೇರಿಸಿದ್ದರು. ಈಗಿನ ತೆಂಗಿನಕಾಯಿ ರೇಟಿಗೆ ಆ ಯೋಚನೆ ಬೇಡ.

ಮಲಯಾಳದವರು ಕಡಲಾವಣಕ್ಕ್ ಅನ್ನುವುದೂ ಇದೇ ಗಿಡ. ಚಿಕ್ಕವರಿದ್ದಾಗ ದಂಟು ಮುರಿದು ಅದರ ಹಾಲಿನಲ್ಲಿ ಗುಳ್ಳೆ ಊದಿದ್ದೇವೆ. ಬೀಜವಂತೂ ವಿಷ, ಮಕ್ಕಳ ಬಾಯಿಗೆ ಹೋಗಬಾರದು. ಹಿಂಡಿಸಿಯೇ ಸಿದ್ಧ ಅಂತಿದ್ದರೆ, ಉಳಿದ ಹಿಂಡಿಯನ್ನು ದನಕ್ಕೆ ಹಾಕಬೇಡಿ. ಅಡಿಕೆ ಕಂಗಿನ ಬುಡಕ್ಕೆ ಹಾಕಿ.